ತನ್ನ ಪಾಡಿಗೆ ತಾನು

ತಮ್ಮ ಸ್ವಂತ ವಿಷಯ ಕೇಳಿದರೆ ಇಷ್ಟಪಡದವರನ್ನು ನಾವು ಏನೆಂದು ಕರೆಯುತ್ತೇವೆ? ಬಿಡುವಾಗಿದ್ದಾಗ ಒಂದು ಪಟ್ಟಿ ಮಾಡಿ ನೋಡಿ. ಬಿಗುಮಾನದವಳು, ಬಿಂಕದವಳು, ಜಂಬದವಳು, ದೊಡ್ಡಸ್ತಿಕೆಯವಳು. ಸ್ವಲ್ಪ ಖಾರ ಬೇಕೆನಿಸಿದರೆ ಗುಮ್ಮನಗುಸುಕ. ಇನ್ನಷ್ಟು ಬೇಕಾದರೆ, 'ಹೊಟ್ಟೆಯಲ್ಲಿ ಏನಿಟ್ಟುಕೊಂಡಿದ್ದಾಳೋ ದೇವರಿಗೇ ಗೊತ್ತು', 'ಬಾಯಿ ಬಿಟ್ಟರೆ ಮುತ್ತು ಉದುರಿ ಹೋಗುತ್ತದೇನೋ'. ಇವು ಯಾವ ನಿಘಂಟನ್ನೂ ತೆರೆಯದೆ ನಾಲಿಗೆಯ ತುದಿಗೆ ಬರುವ ಮಾತುಗಳು. ಸಾಗರದ ಪೇಟೆಯಲ್ಲಾಗಲಿ, ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಾಗಲಿ, ತೀರ್ಥಹಳ್ಳಿಯ ಯಾವುದೋ ಮದುವೆಮನೆಯ ಊಟದ ಪಂಕ್ತಿಯಲ್ಲಾಗಲಿ ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುವಂಥವು.

ಒಳ್ಳೆಯ ಪದಗಳೂ ಇಲ್ಲದಿಲ್ಲ. ಮಿತಭಾಷಿ, ಗಂಭೀರ ಸ್ವಭಾವ, ತೂಕದ ಮನುಷ್ಯ. ಆದರೆ ಇವು ಯಾರ ಪಾಲಿಗೆ ಹೋಗುತ್ತವೆ ಎಂದು ಗಮನಿಸಿದ್ದೀರಾ? ಜಗಲಿಯ ಮೇಲೆ ಕವಳ ಹಾಕಿಕೊಂಡು, ಕೇಳಿದ್ದಕ್ಕೆ 'ಹೂಂ', 'ಉಹೂಂ' ಎಂದಷ್ಟೇ ಹೇಳಿ ಕೂರುವ ಯಜಮಾನರು ತೂಕದ ಮನುಷ್ಯರಾಗುತ್ತಾರೆ. ಅದೇ 'ಹೂಂ', 'ಉಹೂಂ' ಅವರ ಸೊಸೆಯ ಬಾಯಿಂದ ಬಂದರೆ ಅದು ಬಿಗುಮಾನ. ಗಂಡಸಿನ ಮೌನದಲ್ಲಿ ನಮಗೆ ಆಳ ಕಾಣುತ್ತದೆ. ಹೆಂಗಸಿನ ಮೌನದಲ್ಲಿ 'ಏನೋ ಇದೆ' ಎನಿಸುತ್ತದೆ.

ಈ ಪದಗಳನ್ನು ಒಂದೊಂದಾಗಿ ಬಿಡಿಸಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಅವು ಉತ್ತರ ಕೊಡದವಳ ವಿಷಯ ಹೇಳುವುದಕ್ಕಿಂತ ಹೆಚ್ಚಾಗಿ ಕೇಳಿದವರ ಮನಸ್ಸನ್ನು ಹೇಳುತ್ತವೆ. ಕೇಳಿದೆ, ಸಿಗಲಿಲ್ಲ, ಮುಖಭಂಗವಾಯಿತು. ಆ ಮುಖಭಂಗಕ್ಕೊಂದು ಹೆಸರು ಬೇಕಾಯಿತು, ಅದನ್ನು ಅವಳ ಹಣೆಗೆ ಅಂಟಿಸಿದ್ದಾಯಿತು. ಅವಳಿಗೆ ನಿಜವಾಗಿ ಜಂಬವಿತ್ತೋ, ಹಲ್ಲುನೋವಿತ್ತೋ, ಹಿಂದಿನ ದಿನ ಮನೆಯಲ್ಲಿ ಕಣ್ಣೀರಾಗಿತ್ತೋ ಯಾರಿಗೆ ಗೊತ್ತು?

ನಮ್ಮ ಕಡೆ ತೋಟದ ಬದುವಿನಲ್ಲಿ, ರಸ್ತೆಯ ಅಂಚಿನಲ್ಲಿ, ಶಾಲೆಯ ಆಟದ ಬಯಲಿನಲ್ಲಿ ಎಲ್ಲೆಲ್ಲೂ ಹಬ್ಬಿರುವ ಒಂದು ಗಿಡವಿದೆ. ಮುಟ್ಟಿದ ಕೂಡಲೇ ಎಲೆ ಮಡಿಚಿಕೊಳ್ಳುತ್ತದೆ. ಅದಕ್ಕೆ 'ಮುಟ್ಟಿದರೆ ಮುನಿ' ಎನ್ನುತ್ತೇವೆ, 'ನಾಚಿಕೆ ಮುಳ್ಳು' ಎಂದೂ ಎನ್ನುತ್ತೇವೆ. ಮೂಲತಃ ಅಮೆರಿಕಾ ಖಂಡದ ಗಿಡವಾದರೂ ನಮ್ಮ ನೆಲಕ್ಕೆ ಎಷ್ಟು ಒಗ್ಗಿಹೋಗಿದೆ ಎಂದರೆ ಅದರೊಡನೆ ಆಡದೆ ಬೆಳೆದ ಮಲೆನಾಡಿನ ಮಕ್ಕಳಿಲ್ಲ. ಯಾರಾದರೂ ಮಾತಿಗೆ ಸಿಗದಿದ್ದರೆ 'ಅವಳೊಬ್ಬಳು ಮುಟ್ಟಿದರೆ ಮುನಿ' ಎಂದು ಈ ಗಿಡದ ಹೆಸರನ್ನೇ ಇಟ್ಟುಬಿಡುತ್ತೇವೆ.

ಆ ಎರಡು ಹೆಸರುಗಳನ್ನೇ ನೋಡಿ. ಒಂದು ಹೆಸರಿನಲ್ಲಿ ಗಿಡಕ್ಕೆ ಸಿಟ್ಟಿದೆ, ಇನ್ನೊಂದರಲ್ಲಿ ನಾಚಿಕೆ ಇದೆ. ಎರಡನ್ನೂ ಇಟ್ಟವರು ಮುಟ್ಟಿದವರು! ಗಿಡಕ್ಕೆ ಸಿಟ್ಟೂ ಇಲ್ಲ, ನಾಚಿಕೆಯೂ ಇಲ್ಲ. ಎಲೆಯ ಬುಡದಲ್ಲಿರುವ ಜೀವಕೋಶಗಳಿಂದ ನೀರು ಹೊರಕ್ಕೆ ಸರಿಯುತ್ತದೆ, ಬಿಗುವು ತಪ್ಪಿ ಎಲೆ ಮಡಿಚಿಕೊಳ್ಳುತ್ತದೆ. ಮೇಯಲು ಬಂದ ಬಾಯಿಗೆ ಚಿಗುರೆಲೆ ಕಾಣದೆ ಮುಳ್ಳು ಕಾಣಲಿ ಎಂಬುದು ಅದರ ಉಪಾಯವಿರಬೇಕು. ಸುಮ್ಮನೆ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ತಾನಾಗಿಯೇ ಅರಳಿಕೊಳ್ಳುತ್ತದೆ. ಮತ್ತೆ ಮತ್ತೆ ಮುಟ್ಟುತ್ತಿದ್ದರೆ ಅರಳುವುದಕ್ಕೆ ಪುರಸೊತ್ತಾದರೂ ಎಲ್ಲಿ? ಮನುಷ್ಯರಲ್ಲೂ ಹೀಗೆ ಮಡಿಚಿಕೊಳ್ಳುವವರುಂಟು. ಅವರಿಗೆ ಹೆಸರಿಡುವ ಕೆಲಸವನ್ನು ಮುಟ್ಟಿದವರಿಗೇ ಬಿಡುವುದು ನ್ಯಾಯವೇ ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡಿದ ಪ್ರಶ್ನೆ.

ಹಾಗೆಂದು ಕೇಳುವವರೆಲ್ಲ ಕೆಟ್ಟವರು ಎಂದು ತೀರ್ಪು ಕೊಡುವುದು ಸುಲಭ, ಸರಿಯಲ್ಲ. ಮಲೆನಾಡಿನಲ್ಲಿ ಪ್ರಶ್ನೆ ಹುಟ್ಟಿದ್ದೇ ಅಗತ್ಯದಿಂದ. ಬಯಲುಸೀಮೆಯ ಹಾಗೆ ಮನೆಗೆ ಮನೆ ತಾಗಿಕೊಂಡ ಊರುಗಳಲ್ಲ ನಮ್ಮವು. ಕಣಿವೆಗೊಂದು ಮನೆ, ಗುಡ್ಡದಾಚೆ ಇನ್ನೊಂದು. ಜೂನ್‌ನಲ್ಲಿ ಹಿಡಿದ ಮಳೆ ಬಿಡುವಷ್ಟರಲ್ಲಿ ಎಷ್ಟೋ ದಿನ ಹೊರಗಿನವರ ಮುಖ ಕಾಣದೆ ಕಳೆದಿರುತ್ತದೆ. ಅಂಥಲ್ಲಿ ಒಬ್ಬರು ಬಂದರೆಂದರೆ ಅವರೇ ಪತ್ರಿಕೆ, ಅವರೇ ರೇಡಿಯೋ. 'ಯಾವ ಕಡೆಯಿಂದ ಬಂದಿರಿ, ಹೊಳೆ ಎಷ್ಟು ಏರಿದೆ, ಅತ್ತೆಯವರ ಕಾಲುನೋವು ಹೇಗಿದೆ' ಎಂದು ಕೇಳದಿರುವುದೇ ಅವಮರ್ಯಾದೆ. ಇವತ್ತಿಗೂ ಊರಿಗೆ ಹೋದಾಗ ಯಾರೂ ಏನೂ ಕೇಳದಿದ್ದರೆ ನಮಗೇ ಒಂದು ಬಗೆಯ ಕಸಿವಿಸಿ. 'ಬಂದೆಯಾ, ಎಷ್ಟು ಸೊರಗಿದ್ದೀಯೆ ಮಾರಾಯ್ತಿ' ಎನ್ನುವ ಒಂದು ದನಿ ಬೇಕೆನಿಸುತ್ತದೆ.

ಆದರೆ ಆ ಹಿರಿಯರ ಕೇಳುವಿಕೆಗೂ ಒಂದು ಕ್ರಮವಿತ್ತು. ಬಂದವರಿಗೆ ಮೊದಲು ಕಾಲು ತೊಳೆಯಲು ನೀರು. ಆಮೇಲೆ ಬೆಲ್ಲ, ಕುಡಿಯುವ ನೀರು. ಆಮೇಲೆ ಕವಳದ ಹರಿವಾಣ. ಅಷ್ಟಾದ ಮೇಲೆ ಮಾತು. ಹಳೆಯ ಮನೆಗಳ ಕಟ್ಟಡವೂ ಹಾಗೆಯೇ. ಮೊದಲು ಉಣುಗೋಲು, ಅದನ್ನು ಸರಿಸಿದರೆ ಅಂಗಳ, ಅಂಗಳ ದಾಟಿದರೆ ಜಗಲಿ, ಜಗಲಿಯಾಚೆ ನಡುಮನೆ, ಅದಕ್ಕೂ ಒಳಗೆ ಅಡುಗೆಮನೆ, ದೇವರಮನೆ, ಮಲಗುವ ಕೋಣೆ. ಉಣುಗೋಲು ಸರಿಸಿದವರೆಲ್ಲ ನೇರ ಮಲಗುವ ಕೋಣೆಗೆ ನಡೆಯುವುದಿಲ್ಲ. ಪ್ರಶ್ನೆಗೂ ಇಂಥ ಮೆಟ್ಟಿಲುಗಳಿವೆ. ಹೊಳೆ, ಮಳೆ, ಅಡಿಕೆ ಧಾರಣೆ ಇವು ಅಂಗಳದ ಪ್ರಶ್ನೆಗಳು. ಮಕ್ಕಳ ಓದು, ಮನೆಯವರ ಆರೋಗ್ಯ ಜಗಲಿಯವು. ಇನ್ನು ಕೆಲವು ಒಳಕೋಣೆಯವು. ಈಗ ನಮ್ಮ ಪೇಟೆಯ ಮನೆಗಳಲ್ಲಿ ಉಣುಗೋಲೂ ಇಲ್ಲ, ಜಗಲಿಯೂ ಇಲ್ಲ; ಬಾಗಿಲು ತೆರೆದರೆ ಹಾಲು. ಮಾತೂ ಹಾಗೆಯೇ ಆಗಿದೆಯೇನೋ.

ಮದುವೆಯಾಗಿ ಆರು ತಿಂಗಳಾದ ಹುಡುಗಿಯನ್ನು ಯಾವ ಸಮಾರಂಭದಲ್ಲಾದರೂ ಹಿಂಬಾಲಿಸಿ ನೋಡಿ. 'ಏನಾದ್ರೂ ವಿಶೇಷ ಉಂಟೇನೆ?' ಎಂಬ ಪ್ರಶ್ನೆ ಕುಂಕುಮದ ಬಟ್ಟಲಿನ ಜೊತೆಗೇ ಬರುತ್ತದೆ. 'ವಿಶೇಷ' ಎನ್ನುವ ಪದ ಎಷ್ಟು ಸೊಗಸಾಗಿದೆ! ಕೇಳುತ್ತಿರುವುದು ಮಾತ್ರ ಅವಳ ಗರ್ಭಕೋಶದ ವರದಿ. ವರ್ಷಗಟ್ಟಲೆ ಆಸ್ಪತ್ರೆಗೆ ಓಡಾಡುತ್ತಿರುವವಳಿಗೆ, ಹೋದ ತಿಂಗಳಷ್ಟೇ ಒಂದನ್ನು ಕಳೆದುಕೊಂಡವಳಿಗೆ ಈ ಪ್ರಶ್ನೆ ಹೇಗೆ ಕೇಳಿಸೀತು? ಅವಳು ನಕ್ಕು ಸುಮ್ಮನಾದರೆ 'ಈಗಿನ ಹುಡುಗಿಯರಿಗೆ ಬಿಂಕ'. ಮುಂದಿನ ಸಮಾರಂಭಕ್ಕೆ ಬಾರದಿದ್ದರೆ 'ಜನ ಅಂದರಾಗದು'.

ಇದು ಹೆಂಗಸರಿಗೆ ಮಾತ್ರ ಬಂದ ಪಾಡೂ ಅಲ್ಲ. ನಮ್ಮ ಭಾಗದ ಅಡಿಕೆ ತೋಟದ ಮನೆಗಳಲ್ಲಿ ಮೂವತ್ತೈದು, ನಲವತ್ತು ದಾಟಿದರೂ ಹೆಣ್ಣು ಸಿಗದೆ ಉಳಿದ ಗಂಡುಮಕ್ಕಳು ಎಷ್ಟೋ ಮಂದಿ ಇದ್ದಾರೆ. ಹಳ್ಳಿಯಲ್ಲಿ ನಿಂತು ತಂದೆತಾಯಿಯನ್ನು ನೋಡಿಕೊಂಡದ್ದೇ ಅವರಿಗೆ ಮುಳುವಾಯಿತು. ನೆಂಟರ ಮದುವೆಯಲ್ಲಿ 'ಎಂತ ಮಾಣಿ, ಎಲ್ಲಾದ್ರೂ ಕೂಡಿ ಬಂತಾ?' ಎಂದು ಹತ್ತು ಜನ ಕೇಳಿದ ಮೇಲೆ ಹನ್ನೊಂದನೆಯ ಮದುವೆಗೆ ಹೋಗುವುದನ್ನೇ ಬಿಟ್ಟುಬಿಡುತ್ತಾರೆ. ಆಮೇಲೆ ಅವರಿಗೂ ಹೆಸರು ಸಿದ್ಧ: 'ಒಂಥರಾ ಒಂಟಿಪಿಶಾಚಿ'.

ಸಾಗರ, ಹೊಸನಗರದ ಕಡೆ ಇನ್ನೊಂದು ಬಗೆಯ ಮೌನವಿದೆ. ಮೇಲುನೋಟಕ್ಕೆ ತೀರಾ ಸಾಧಾರಣವಾದ ಪ್ರಶ್ನೆಯೊಂದು ಅದನ್ನು ಕಲಕುತ್ತದೆ: 'ನಿಮ್ಮ ತವರೂರು ಯಾವುದು?' 1964ರಲ್ಲಿ ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಈ ಎರಡು ತಾಲೂಕುಗಳ ಎಷ್ಟೋ ಹಳ್ಳಿಗಳು ಹಿನ್ನೀರಿನೊಳಗೆ ಹೋದವು. ತೋಟ, ಗದ್ದೆ, ದೇವಸ್ಥಾನ, ಬಾವಿಕಟ್ಟೆ ಎಲ್ಲ ಹೋಯಿತು. ಮುಂದೆ ವಾರಾಹಿಗೆ ಮಾಣಿಯಲ್ಲಿ ಅಣೆಕಟ್ಟಾದಾಗ ಹೊಸನಗರದವರು ಮತ್ತೊಮ್ಮೆ ಕಳೆದುಕೊಂಡರು. ಅಲ್ಲಿಂದ ಎದ್ದು ಹೋದವರಿಗೆ ನಾಡು ಕೊಟ್ಟ ಹೆಸರು 'ಮುಳುಗಡೆಯವರು'. ಮುಳುಗಿದ್ದು ಊರು, ಹೆಸರು ಬಂದದ್ದು ಜನರಿಗೆ. ಹೊಸ ಜಾಗದಲ್ಲಿ ಎರಡು ತಲೆಮಾರು ಕಳೆದ ಮೇಲೂ 'ನೀವು ಮುಳುಗಡೆಯವರಲ್ಲವಾ?' ಎಂದು ಕೇಳುವವರಿದ್ದರು. ಅಂಥ ಮನೆಯ ಹೆಣ್ಣುಮಗಳಿಗೆ ತವರೂರಿನ ಹೆಸರು ಹೇಳುವುದೆಂದರೆ ಭೂಪಟದಲ್ಲಿಲ್ಲದ ಜಾಗವನ್ನು ತೋರಿಸುವ ಕೆಲಸ. ಬೇಸಿಗೆಯಲ್ಲಿ ನೀರು ಇಳಿದಾಗ ಒಣಮರಗಳ ಬೊಡ್ಡೆಗಳು ಮೇಲೇಳುವುದನ್ನು ಕಂಡವರಿಗೆ ಗೊತ್ತು, ಕೆಲವು ಉತ್ತರಗಳು ಹೀಗೆಯೇ: ನೀರಿನ ಕೆಳಗೆ ಇದ್ದರೇ ಬದುಕು ಸಾಗುತ್ತದೆ. ಇನ್ನು ಕೆಲವರು, ಕೇಳಿದರೆ ಸಾಕು, ಊರಿನ ಒಂದೊಂದು ಮರದ ಹೆಸರು ಹಿಡಿದು ಹೇಳುತ್ತಾರೆ. ಇವರಲ್ಲಿ ಯಾರು ಯಾವ ಬಗೆ ಎಂದು ಹೊರಗಿನಿಂದ ತಿಳಿಯುವ ದಾರಿಯಿಲ್ಲ. ಎಚ್ಚರ ಬೇಕಾಗುವುದು ಅದಕ್ಕಾಗಿಯೇ.

ಮತ್ತೊಂದು ಪ್ರಶ್ನೆಯನ್ನು ನಾವು ಸುತ್ತಿ ಬಳಸಿ ಕೇಳುತ್ತೇವೆ. 'ನೀವು ಯಾವ ಕಡೆಯವರು?' ಎಂದು ಶುರುವಾಗುತ್ತದೆ. ಊರಿನ ಹೆಸರು ಹೇಳಿದರೆ ಸಾಲದು. 'ಅಲ್ಲಿ ಯಾರ ಪೈಕಿ?' ಎನ್ನುತ್ತೇವೆ. ಬೇಕಾದ್ದು ಜಾತಿ. ಮೇಲಿನ ಜಾತಿಯವರಿಗೆ ಇದೊಂದು ನೆಂಟಸ್ತನ ಹುಡುಕುವ ಆಟ. ಈ ಉತ್ತರದ ಮೇಲೆ ಯಾರಿಗೆ ಬಾಡಿಗೆ ಮನೆ ಸಿಗುವುದೂ ತಪ್ಪುವುದೂ ನಿಂತಿದೆಯೋ, ಕಾಫಿ ಒಳಗೆ ಬರುತ್ತದೋ ಹೊರಗೇ ಉಳಿಯುತ್ತದೋ ಎಂಬುದು ನಿಂತಿದೆಯೋ, ಅವರಿಗೆ ಇದು ಆಟವಲ್ಲ. ಅಂಥವರು ಮಾತು ಮರೆಸಿದರೆ ಅದಕ್ಕೆ 'ಮುಚ್ಚುಮರೆ' ಎಂಬ ಪದ ಹಚ್ಚುವ ಹಕ್ಕು ನಮಗೆ ಯಾರು ಕೊಟ್ಟರು?

ಪ್ರಶ್ನೆ ನಮ್ಮ ಗುಡ್ಡದ ನೀರಿನ ಹಾಗೆ ಇಳಿಜಾರಿನಲ್ಲೇ ಹರಿಯುತ್ತದೆ. ಅತ್ತೆ ಸೊಸೆಯನ್ನು ಕೇಳುತ್ತಾಳೆ, ಗಂಡಿನ ಕಡೆಯವರು ಹೆಣ್ಣಿನ ಕಡೆಯವರನ್ನು, ಒಡೆಯರು ಒಕ್ಕಲನ್ನು. ಏರುಮುಖವಾಗಿ ಹರಿದ ಪ್ರಶ್ನೆಯೂ ಒಂದಿದೆ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು, ಗೇಣಿ ಭತ್ತ ಅಳೆಯುವ ಕೊಳಗ ಇಷ್ಟು ದೊಡ್ಡದೇಕೆ ಎಂದು ಒಡೆಯರನ್ನು ಕೇಳಿದರು. ಅಷ್ಟು ಕೇಳಿದ್ದು ಸತ್ಯಾಗ್ರಹವಾಗಿ ಬೆಳೆಯಿತು, ಜನ ಜೈಲು ಸೇರಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದಕ್ಕೆ ಮೊದಲು ಒಕ್ಕಲಿನವನ ಮನೆಯ ವಿಷಯವೆಲ್ಲ ಒಡೆಯರಿಗೆ ತಿಳಿದಿರುತ್ತಿತ್ತು. ಒಡೆಯರ ಕೊಳಗದ ವಿಷಯ ಕೇಳುವಂತಿರಲಿಲ್ಲ. ಕೇಳುವುದು ಯಾರ ಹಕ್ಕು, ಹೇಳುವುದು ಯಾರ ಕರ್ತವ್ಯ ಎಂಬುದರಲ್ಲಿ ಊರಿನ ವ್ಯವಸ್ಥೆಯೇ ಅಡಗಿದೆ. ಇದನ್ನು ಒಮ್ಮೆ ಕಂಡವರಿಗೆ ಸೊಸೆಯ ಮೌನವನ್ನು ಬರಿಯ ಸ್ವಭಾವ ಎಂದು ತಳ್ಳಿಹಾಕುವುದು ಕಷ್ಟ.

'ಸಂಸಾರ ಗುಟ್ಟು, ವ್ಯಾಧಿ ರಟ್ಟು' ಎಂಬ ಗಾದೆಯನ್ನು ಕೇಳದ ಹೆಣ್ಣುಮಕ್ಕಳಿಲ್ಲ. ಕಾಯಿಲೆಯನ್ನು ನಾಲ್ಕು ಜನಕ್ಕೆ ಹೇಳು, ಮದ್ದು ಸಿಕ್ಕೀತು. ಮನೆಯ ವಿಷಯ ಹೊರಗೆ ಹಾಕಬೇಡ. ಬುದ್ಧಿಯ ಮಾತೇ. ಆದರೆ ಗಾದೆ ಕಾಯುವುದು ಯಾರ ಗುಟ್ಟನ್ನು? ಸಂಸಾರದ್ದನ್ನು. ಸಂಸಾರದೊಳಗೆ ಅವಳಿಗೊಂದು ಗುಟ್ಟಿರಬಹುದು ಎಂಬ ಊಹೆ ಗಾದೆಗಿಲ್ಲ. ಅವಳಿಗೆ ಬಂದ ಕಾಗದ ಒಡೆದಿರುತ್ತಿತ್ತು. ಈಗ ಫೋನು ತೆರೆದಿರಬೇಕು. ತಿಂಗಳಿಗೆ ಮೂರು ದಿನ ಹೊರಗೆ ಕೂರಿಸಿ, ಅವಳ ದೇಹದ ಲೆಕ್ಕವನ್ನು ಕೆಲಸದಾಳಿನಿಂದ ಹಿಡಿದು ಬಂದ ನೆಂಟರವರೆಗೆ ಎಲ್ಲರಿಗೂ ಸಾರುತ್ತಿದ್ದ ಮನೆಯಲ್ಲೇ, ಮಕ್ಕಳು ಕೇಳಿದರೆ 'ಕಾಗೆ ಮುಟ್ಟಿದೆ' ಎಂದು ಮಾತಿಗೆ ಮಾತ್ರ ಸೆರಗು ಹೊದಿಸುತ್ತಿದ್ದರು. ಹೊರಗಿನವರಿಗೆ ಬಾಯಿ ಬಿಡಬಾರದು, ಒಳಗಿನವರಿಗೆ ಮುಚ್ಚಿಡಬಾರದು. ಹಾಗಾದರೆ ಅವಳ ಸ್ವಂತದ್ದು ಎನ್ನುವುದು ಎಲ್ಲಿ?

'ಖಾಸಗಿ' ಎಂಬ ಪದವೂ ನಮಗೆ ಎರವಲು. ಅರಬ್ಬಿ, ಪಾರಸಿಯಿಂದ ಆಡಳಿತದ ಭಾಷೆಯೊಂದಿಗೆ ಬಂದದ್ದು. ಒಂದು ಕಾಲಕ್ಕೆ ದೊರೆಮನೆತನದ ಸ್ವಂತ ಆಸ್ತಿಗೆ ಆ ಹೆಸರಿತ್ತು. ದೊರೆಗಳಿಗಿದ್ದ ಸೌಲಭ್ಯ ಜನಸಾಮಾನ್ಯರಿಗೂ ಬಂದದ್ದು ನಿಧಾನವಾಗಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಸರ್ಕಾರ ಕೇಳುವ ಪ್ರಶ್ನೆಗೆ ಹಾಗೆ ಒಂದು ಎಲ್ಲೆ ಬಂತು. ಆದರೆ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತವರು 'ಯಜಮಾನರು ಎಂತ ಮಾಡ್ತಾರೆ? ಸಂಬಳ ಎಷ್ಟು ಬರ್ತದೆ? ಒಬ್ಬನೇ ಮಗನಾ, ಇನ್ನೊಂದು ಯಾಕೆ ಬೇಡ ಅಂತ ಮಾಡಿದಿರಿ?' ಎಂದು ಕೇಳುವಾಗ ಪೀಠ ನೆರವಿಗೆ ಬರುವುದಿಲ್ಲ. ಅಲ್ಲಿ ನಮಗೆ ಉಳಿಯುವುದು ನಮ್ಮ ನಮ್ಮ ತಿಳಿವಳಿಕೆ, ನಮ್ಮ ಮಾತು.

ಇಷ್ಟು ಹೇಳಿದ ಮೇಲೆ, 'ಹಾಗಾದರೆ ಯಾರೂ ಯಾರನ್ನೂ ಏನೂ ಕೇಳಬಾರದೇ?' ಎಂದು ನೀವು ಕೇಳಬಹುದು. ಇಲ್ಲಿಯೇ ಈ ಪ್ರಶ್ನೆಯ ಮುಳ್ಳು ಇರುವುದು. ಪಕ್ಕದ ಮನೆಯವಳ ಕೆನ್ನೆಯ ಮೇಲೆ ಬಾಸುಂಡೆ ಕಂಡಾಗ 'ಅದು ಅವರ ಮನೆಯ ವಿಷಯ' ಎಂದು ಕಿಟಕಿ ಹಾಕಿಕೊಳ್ಳುವುದು ಸಭ್ಯತೆಯಂತೆ ಕಾಣುವ ಹೇಡಿತನ. ಎಷ್ಟೋ ಹೆಂಗಸರು ಯಾರಾದರೂ ಕೇಳಲಿ ಎಂದು ಕಾಯುತ್ತಲೇ ಸವೆದುಹೋದರು. ಸಂಸಾರದ ಗುಟ್ಟು ಅವರ ಕುತ್ತಿಗೆಗೆ ಉರುಳಾಯಿತು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯು ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರೇ ಆದರೂ ರಕ್ಷಣಾಧಿಕಾರಿಗೆ ತಿಳಿಸಬಹುದು ಎನ್ನುತ್ತದೆ. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಹೊಣೆ ಹೊರಿಸುವಂತಿಲ್ಲ ಎಂದೂ ಹೇಳುತ್ತದೆ. ಆದ್ದರಿಂದ ಕೇಳದಿರುವುದೇ ಯಾವಾಗಲೂ ದೊಡ್ಡ ಗುಣವಲ್ಲ.

ಎರಡು ಬಗೆಯ ಕೇಳುವಿಕೆಗೂ ವ್ಯತ್ಯಾಸ ಎಲ್ಲಿದೆ? ಕುತೂಹಲ ಕೆಟ್ಟದ್ದು, ಕಾಳಜಿ ಒಳ್ಳೆಯದು ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಎಲ್ಲರೂ ತಮ್ಮ ಕುತೂಹಲವನ್ನು ಕಾಳಜಿ ಎಂದೇ ನಂಬಿರುತ್ತಾರೆ. ನನಗೆ ತೋಚುವ ಪರೀಕ್ಷೆ ಬೇರೆ. ಉತ್ತರ ಸಿಗದಿದ್ದಾಗ ನಾವು ಏನು ಮಾಡುತ್ತೇವೆ ಎಂಬುದರಲ್ಲಿ ಅದು ಇದೆ. ಕಾಳಜಿಯಿಂದ ಕೇಳಿದವಳು, 'ಸರಿ, ಹೇಳಬೇಕು ಅನ್ನಿಸಿದಾಗ ನಾನಿದ್ದೇನೆ' ಎಂದು ಇನ್ನೊಂದು ಲೋಟ ಕಾಫಿ ಕೊಡುತ್ತಾಳೆ. ನಾಳೆಯೂ ಅದೇ ಮುಖದಿಂದ ಮಾತಾಡಿಸುತ್ತಾಳೆ. ಕುತೂಹಲದಿಂದ ಕೇಳಿದವಳಿಗೆ ಬರಿಗೈಯಲ್ಲಿ ಹಿಂತಿರುಗಲು ಆಗುವುದಿಲ್ಲ. ಉತ್ತರದ ಬದಲು ಒಂದು ಹೆಸರನ್ನಾದರೂ ಹೊತ್ತುಕೊಂಡು ಹೋಗುತ್ತಾಳೆ: ಬಿಗುಮಾನದವಳು. ಪ್ರಶ್ನೆ ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುವುದು ಪ್ರಶ್ನೆ ಮುಗಿದ ಮೇಲೆ.

ತೀರ್ಥಹಳ್ಳಿಯ ಮಗಳಾದ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಬಂದದ್ದು 1976ರಲ್ಲಿ. ತಮ್ಮ ಬಳಗದ ಒಬ್ಬ ಬಾಲವಿಧವೆಯ ನಿಜ ಬದುಕನ್ನು ಇಂದಿರಾ ತಾಯಿಯಿಂದ ಕೇಳಿ ತಿಳಿದು ಕಾದಂಬರಿಯಾಗಿಸಿದರು. ಮುಂದೆ ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ಮನೆ ತುಂಬ ಜನರಿದ್ದರೂ 'ನಿನಗೆ ಹೇಗಿದೆ' ಎಂಬ ಮಾತು ಕೇಳದೆ ಬಾಳಿದ ಅಂಥ ಹೆಂಗಸರು ನಮ್ಮ ಪ್ರತಿ ಹಳೆಯ ಮನೆಯಲ್ಲೂ ಇದ್ದರು. ಅವರು ಹೇಳಿಕೊಂಡದ್ದು ವಿಚಾರಣೆ ಮಾಡಿದವರ ಮುಂದೆ ಅಲ್ಲ. ಹತ್ತಿರ ಕೂತು ಬತ್ತಿ ಹೊಸೆದವರ ಮುಂದೆ, ಕಾಯಿ ತುರಿದವರ ಮುಂದೆ.

ಅಡಿಕೆ ಸುಲಿಯುವ ಕಾಲದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಹತ್ತಾರು ಹೆಂಗಸರು ಕೂತಿರುತ್ತಾರೆ. ಕೈಗೆ ಕೆಲಸವಿದೆ, ಕಣ್ಣು ಕತ್ತಿಯ ಮೇಲಿದೆ. ಮಾತಾಡಿದರೂ ಸರಿ, ಆಡದಿದ್ದರೂ ಸರಿ. ಅಲ್ಲಿ ಸುಮ್ಮನಿರುವವಳನ್ನು ಯಾರೂ ಬಿಂಕದವಳು ಎನ್ನುವುದಿಲ್ಲ, ಅವಳ ಬುಟ್ಟಿ ತುಂಬುತ್ತಿರುತ್ತದಲ್ಲ! ಎದುರೆದುರು ಕೂತು ಮುಖ ನೋಡಿ ಕೇಳಿದಾಗ ಬಾರದ ಮಾತು, ಹೀಗೆ ಪಕ್ಕಪಕ್ಕ ಕೂತಾಗ, ರಾತ್ರಿ ಹತ್ತು ದಾಟಿದ ಮೇಲೆ, ಯಾರೂ ಕೇಳದೆ ತಾನಾಗಿ ಬರುತ್ತದೆ. 'ಅವರು ಹೋದ ವರ್ಷ ಹೀಗೇ ಸುಲಿತದ ಹೊತ್ತು...' ಎಂದು ಒಬ್ಬಳು ಶುರು ಮಾಡುತ್ತಾಳೆ. ಉಳಿದವರ ಕೈ ನಿಲ್ಲುವುದಿಲ್ಲ, ತಲೆ ಎತ್ತಿ ಯಾರೂ ನೋಡುವುದಿಲ್ಲ. ಆ ನೋಡದಿರುವುದರಲ್ಲಿ ಎಷ್ಟು ಮರ್ಯಾದೆ ಇದೆ! ಯಾವ ಪುಸ್ತಕ ಓದಿ ಕಲಿತರು ಇವರು ಇದನ್ನು?

ಹಾಗಾಗಿ ಹೊಸ ಪದವೊಂದನ್ನು ಟಂಕಿಸುವ ಅಗತ್ಯವೇನೂ ನನಗೆ ಕಾಣುವುದಿಲ್ಲ. 'ಅಂತರ್ಮುಖಿ' ಎಂಬುದು ಪಠ್ಯಪುಸ್ತಕದ ಹಾಗಿದೆ. 'ಸಂಕೋಚ ಸ್ವಭಾವದವಳು' ಎಂದರೆ ಅವಳಲ್ಲಿ ಏನೋ ಕೊರತೆ ಎಂಬಂತಿದೆ. ನಮ್ಮ ಅಜ್ಜಿಯರು ಆಡುತ್ತಿದ್ದ ಮಾತೊಂದು ಸಾಕು: 'ಅವಳ ಪಾಡಿಗೆ ಅವಳು ಇರ್ತಾಳೆ.' ಇದರಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಪಾಡು ಎಂದರೆ ಸ್ಥಿತಿ, ಪಾಡು ಎಂದರೆ ಪಡುವ ಕಷ್ಟವೂ ಹೌದು. ಅವಳಿಗೊಂದು ಪಾಡಿದೆ, ಅದು ಅವಳದು, ಎಂದಷ್ಟೇ ಈ ಮಾತು ಒಪ್ಪಿಕೊಳ್ಳುತ್ತದೆ. ಒಳಗೇನಿದೆ ಎಂದು ಇಣುಕುವುದಿಲ್ಲ, ಏನೂ ಇಲ್ಲ ಎಂದು ತಳ್ಳಿಹಾಕುವುದೂ ಇಲ್ಲ.

ಮುಂದಿನ ಸಲ ಯಾರಾದರೂ ನಮ್ಮ ಪ್ರಶ್ನೆಗೆ ನಕ್ಕು ಸುಮ್ಮನಾದಾಗ, ಬೇರೆ ಪದಗಳು ನಾಲಿಗೆಗೆ ಬರುವ ಮೊದಲು ಈ ಮಾತನ್ನು ತಂದುಕೊಂಡರೆ ಸಾಕು. ಅವಳಿಗೆ ಹೇಳಬೇಕೆನಿಸಿದ ದಿನ ಹೇಳುತ್ತಾಳೆ. ಹೇಳದಿದ್ದರೂ ಅವಳ ಪಾಲಿನ ಕಾಫಿ ಆರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.